ಓಟ ನಿಂತ ಮೇಲೆ ಶುರುವಾಗುವ ದಮ್ಮು

ಪ್ರಶ್ನೆ: ಕಾರವಾರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿದ್ದೇನೆ. ಎಂಟನೇ ತರಗತಿಯ ಹುಡುಗನೊಬ್ಬ ಖೋಖೋ ಆಡುವಷ್ಟು ಹೊತ್ತೂ ಚೆನ್ನಾಗಿರುತ್ತಾನೆ. ಆಟ ಮುಗಿಸಿ ಕೂತ ಮೇಲೆ ಕೆಮ್ಮು, ಏದುಸಿರು. ಜೊತೆಯ ಹುಡುಗರು ನಾಟಕ ಅನ್ನುತ್ತಾರೆ. ಮನೆಯವರು ಚೀಲದಲ್ಲಿ ಪಂಪ್ (ಇನ್‌ಹೇಲರ್) ಇಟ್ಟು ಕಳಿಸುತ್ತಾರೆ. ದಮ್ಮು ಜೋರಾದರೆ ಮೈದಾನದಲ್ಲೇ ನಾನೇನು ಮಾಡಬೇಕು?

ಉತ್ತರ: ನಾಟಕವಲ್ಲ ಮಾಸ್ತರೇ, ಆಟದಿಂದ ಬರುವ ದಮ್ಮಿನ ಗುರುತೇ ಅದು. ಓಡುವಾಗ ಮಗು ಬಾಯಿಂದ ರಭಸವಾಗಿ ಉಸಿರೆಳೆಯುತ್ತದೆ. ಮೂಗಿನಲ್ಲಿ ಬೆಚ್ಚಗಾಗಿ ತೇವಗೊಳ್ಳಬೇಕಿದ್ದ ಗಾಳಿ ನೇರವಾಗಿ ಇಳಿದು ಶ್ವಾಸನಾಳದ ಒಳಪೊರೆಯನ್ನು ಒಣಗಿಸುತ್ತದೆ, ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಸಾಮಾನ್ಯವಾಗಿ ಓಟ ನಿಂತ 5ರಿಂದ 10 ನಿಮಿಷದಲ್ಲಿ ಈ ಬಿಗಿತ ಅತಿ ಹೆಚ್ಚು.

ದಮ್ಮು ಕಂಡ ಕೂಡಲೇ ಆಟ ನಿಲ್ಲಿಸಿ. ಹುಡುಗನನ್ನು ನೆಟ್ಟಗೆ, ತುಸು ಮುಂದಕ್ಕೆ ಬಾಗಿಸಿ ಕೂರಿಸಿ, ಕೈಗಳು ತೊಡೆಯ ಮೇಲಿರಲಿ. ಮಲಗಿಸಬೇಡಿ, ಮಲಗಿದರೆ ಉಸಿರಾಟ ಇನ್ನೂ ಕಷ್ಟ. ಸುತ್ತ ಮುತ್ತಿಕೊಂಡ ಮಕ್ಕಳನ್ನು ದೂರ ಕಳಿಸಿ, ಒಬ್ಬನಿಗೆ ಮಾತ್ರ ಪಂಪ್ ಮತ್ತು ಸ್ಪೇಸರ್ ತರಲು ಹೇಳಿ. ಸ್ಪೇಸರ್ ಅಂದರೆ ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ.

ವೈದ್ಯರು ಬರೆದುಕೊಟ್ಟ ಚೀಟಿ ಇದ್ದರೆ ಅದರಂತೆ ಮಾಡಿ. ಇಲ್ಲದಿದ್ದರೆ ಹೀಗೆ: ಸಾಲ್ಬುಟಮಾಲ್ (ಬಿಗಿದ ಶ್ವಾಸನಾಳ ಸಡಿಲಿಸುವ ಔಷಧ) ಪಂಪನ್ನು ಚೆನ್ನಾಗಿ ಕುಲುಕಿ ಸ್ಪೇಸರಿಗೆ ಸಿಕ್ಕಿಸಿ. ಒಂದು ಸಲ ಒತ್ತಿ, ಮಗು ಸ್ಪೇಸರಿನಿಂದಲೇ ನಾಲ್ಕು ಸಲ ಉಸಿರು ಎಳೆದು ಬಿಡಲಿ. ಮತ್ತೆ ಕುಲುಕಿ, ಮತ್ತೊಂದು ಸಲ ಒತ್ತಿ. ಹೀಗೆ ಒಟ್ಟು 4 ಪಫ್. ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಔಷಧದ ಹನಿಗಳು ಒಂದಕ್ಕೊಂದು ಕೂಡಿ ಸ್ಪೇಸರಿನ ಗೋಡೆಗೇ ಅಂಟುತ್ತವೆ, ಎದೆಗೆ ಹೋಗುವುದು ಕಡಿಮೆ. ಗಡಿಯಾರ ನೋಡಿ 4 ನಿಮಿಷ ಕಾಯಿರಿ. ಉಸಿರು ಸಲೀಸಾಗದಿದ್ದರೆ ಇನ್ನೂ 4 ಪಫ್. ಆಗಲೂ ಇಳಿಯದಿದ್ದರೆ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಪ್ರತಿ 4 ನಿಮಿಷಕ್ಕೆ 4 ಪಫ್ ಕೊಡುತ್ತಲೇ ಇರಿ. ಕೈ ನಡುಗಬಹುದು, ಎದೆ ಡವಡವ ಎನ್ನಬಹುದು. ಅದಕ್ಕೆ ಹೆದರಿ ನಿಲ್ಲಿಸಬೇಡಿ.

ಕೆಲವು ಲಕ್ಷಣ ಕಂಡರೆ ಕಾಯುವ ಮಾತೇ ಇಲ್ಲ. ಒಂದು ವಾಕ್ಯ ಪೂರ್ತಿ ಹೇಳಲಾಗದಿರುವುದು, ಪಕ್ಕೆಲುಬಿನ ನಡುವೆ ಅಥವಾ ಕತ್ತಿನ ಬುಡದಲ್ಲಿ ಚರ್ಮ ಒಳಗೆ ಎಳೆದುಕೊಳ್ಳುವುದು, ತೂಕಡಿಕೆ, ತುಟಿ ಅಥವಾ ನಾಲಿಗೆ ನೀಲಿಯಾಗುವುದು. ನಮ್ಮ ಮೈಬಣ್ಣದಲ್ಲಿ ಮುಖದ ನೀಲಿ ಗೊತ್ತಾಗದು, ಬಾಯೊಳಗೆ ನೋಡಿ. ಇವುಗಳಲ್ಲಿ ಒಂದು ಕಂಡರೂ ಮೊದಲ ಪಫ್ ಕೊಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಂದು ಮಾತು, ಬಹಳ ಜನ ಮೋಸ ಹೋಗುವುದು ಇಲ್ಲೇ. ಸುಯ್ ಸುಯ್ ಸದ್ದು ನಿಂತಿತು, ಆದರೆ ಹುಡುಗ ಸುಸ್ತಾಗಿ ಒರಗುತ್ತಿದ್ದಾನೆ ಅಂದರೆ ಅದು ಗುಣವಲ್ಲ. ಸದ್ದು ಮಾಡುವಷ್ಟೂ ಗಾಳಿ ಓಡಾಡುತ್ತಿಲ್ಲ ಎಂದರ್ಥ.

ಬಿಸಿ ನೀರಿನ ಹಬೆ, ಎದೆಗೆ ಮುಲಾಮು, ಕೆಮ್ಮಿನ ಸಿರಪ್ಪು, ಕಾಗದದ ಚೀಲದಲ್ಲಿ ಉಸಿರಾಡಿಸುವುದು, ಯಾವುದೂ ಬೇಡ. ದಮ್ಮು ಇಳಿದರೂ ಆ ದಿನ ಆಟ ಸಾಕು, ಮನೆಗೆ ತಿಳಿಸಿ. ಪಂಪಿನ ಪ್ರಭಾವ ಸುಮಾರು 4 ತಾಸು. ಅದರೊಳಗೇ ಮತ್ತೆ ದಮ್ಮು ಬಂದರೆ ಆಸ್ಪತ್ರೆಗೆ ಹೋಗಬೇಕು. ಪಂಪನ್ನು ಮುಖ್ಯಾಧ್ಯಾಪಕರ ಕಪಾಟಿನಲ್ಲಿ ಬೀಗ ಹಾಕಿ ಇಡುವ ಶಾಲೆಗಳಿವೆ. ಅದು ಇರಬೇಕಾದ್ದು ಮೈದಾನದಲ್ಲಿ, ನೆರಳಿನಲ್ಲಿ. ಬಿಸಿಲಿಗೆ ನಿಲ್ಲಿಸಿದ ಸ್ಕೂಟರಿನ ಡಿಕ್ಕಿಯಲ್ಲೂ ಅಲ್ಲ.

ಪ್ರಶ್ನೆ: ಶಿರಸಿಯಿಂದ ಒಳಗೆ, ಘಟ್ಟದಂಚಿನ ಊರು ನಮ್ಮದು. ಮಗಳಿಗೆ 7 ವರ್ಷ. ಫೋನಿಗೆ ನೆಟ್‌ವರ್ಕ್ ಸಿಗುವುದಿಲ್ಲ, ಆಸ್ಪತ್ರೆ ಮುಕ್ಕಾಲು ತಾಸಿನ ದಾರಿ. ಮಾತ್ರೆಯಂಥ ಪುಡಿ ಹಾಕಿ ಎಳೆಯುವ ಸಾಧನ ನಮ್ಮಲ್ಲಿದೆ. ಅದು ಸಾಲದೇ?

ಉತ್ತರ: ದಮ್ಮು ಬಂದ ಹೊತ್ತಿಗೆ ಸಾಲದು ಅಮ್ಮಾ. ಪುಡಿ ಎದೆಗೆ ಇಳಿಯಬೇಕಾದರೆ ಮಗು ಜೋರಾಗಿ ಎಳೆಯಬೇಕು, ಆಗ ಅವಳಿಗೆ ಇಲ್ಲದ್ದೇ ಆ ಶಕ್ತಿ. ಮೇಲಾಗಿ ನಮ್ಮ ಮಳೆಗಾಲದ ತೇವಕ್ಕೆ ಬಿಚ್ಚಿಟ್ಟ ಕ್ಯಾಪ್ಸೂಲಿನ ಪುಡಿ ಗಂಟು ಕಟ್ಟುತ್ತದೆ. ಒತ್ತುವ ಪಂಪ್ ಮತ್ತು ಸ್ಪೇಸರ್ ಬರೆದುಕೊಡುವಂತೆ ವೈದ್ಯರನ್ನು ಕೇಳಿ. ಏಳು ವರ್ಷದವಳು ಬಾಯಿಗಿಟ್ಟು ಎಳೆಯಬಲ್ಲಳು. ನಾಲ್ಕೈದು ವರ್ಷದೊಳಗಿನವರಿಗೆ ಮಾಸ್ಕ್ ಬೇಕು.

ನಿಮ್ಮಲ್ಲಿಗೆ ವಾಹನ ಬರುವುದಕ್ಕೆ ಕಾಯುವುದಕ್ಕಿಂತ ಎರಡನೇ ಸುತ್ತಿನ ಪಫ್ ಕೊಡುವಾಗಲೇ ಮನೆಯ ಅಥವಾ ನೆರೆಯವರ ಗಾಡಿ ಹೊರಡಿಸಿ. ಒಬ್ಬರು ಓಡಿಸಲಿ, ಇನ್ನೊಬ್ಬರು ಹಿಂದಿನ ಸೀಟಿನಲ್ಲಿ ಕೂತು ಪಫ್ ಕೊಡಲಿ. ಮುಕ್ಕಾಲು ತಾಸೆಂದರೆ ಹತ್ತು ಹನ್ನೊಂದು ಸುತ್ತು, ನಲವತ್ತಕ್ಕೂ ಹೆಚ್ಚು ಪಫ್ ಬೇಕಾದೀತು. ಹೊಸ ಡಬ್ಬಿಯಲ್ಲಿ ಸಾಮಾನ್ಯವಾಗಿ 200 ಇರುತ್ತವೆ. ಎಣಿಕೆ ತೋರಿಸುವ ಪಂಪನ್ನೇ ಕೊಳ್ಳಿ. ನೀರಿನಲ್ಲಿ ತೇಲಿಸಿ ನೋಡುವ ಹಳೆಯ ಪರೀಕ್ಷೆಯನ್ನು ನಂಬಬೇಡಿ. ಔಷಧ ತೀರಿದ ಮೇಲೂ ಒಳಗಿನ ಅನಿಲ ಪುಸ್ ಎನ್ನುತ್ತಲೇ ಇರುತ್ತದೆ. ಬಹಳ ದಿನ ಮುಟ್ಟದ ಪಂಪಾದರೆ ಮೊದಲು ಎರಡು ಸಲ ಗಾಳಿಗೆ ಒತ್ತಿ.

ಸ್ಪೇಸರ್ ಇನ್ನೂ ಸಿಕ್ಕಿಲ್ಲವಾದರೆ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿ ತೊಳೆದು ಒಣಗಿಸಿ, ತಳದಲ್ಲಿ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟೇ ತೂತು ಮಾಡಿ, ಸಂದಿಗೆ ಟೇಪ್ ಸುತ್ತಿ. ಮಗು ಬಾಟಲಿಯ ಬಾಯಿಗೆ ತುಟಿ ಮುಚ್ಚಿ ಎಳೆಯಲಿ. ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಇಂದೇ ಮಾಡಿಡಿ, ದಮ್ಮು ಬಂದಾಗ ಕತ್ತರಿ ಹುಡುಕುವಂತಾಗಬಾರದು. ಸ್ಪೇಸರನ್ನು ಸಾಬೂನು ನೀರಿನಲ್ಲಿ ಅದ್ದಿ ಹಾಗೆಯೇ ಆರಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಿರವಿದ್ಯುತ್ತು ಹುಟ್ಟಿ ಔಷಧವನ್ನು ಗೋಡೆಗೆ ಎಳೆದುಕೊಳ್ಳುತ್ತದೆ.

ಅಡಿಕೆ ಬೇಯಿಸುವ ಒಲೆ ಉರಿಯುವ ದಿನಗಳಲ್ಲಿ ಅಂಗಳದಲ್ಲಿ ಓಡಿ ಆಡುವುದು ಬೇಡ. ಹೊಗೆ ಮತ್ತು ಚಳಿಗಾಳಿ ಸೇರಿದರೆ ದಮ್ಮು ಬೇಗ ಏರುತ್ತದೆ. ಮಳೆಗಾಲದಲ್ಲಿ ಗೋಡೆಗೆ ಬೂಸ್ಟು ಹಿಡಿದ ಕೋಣೆಯಲ್ಲಿ ಅವಳನ್ನು ಮಲಗಿಸಬೇಡಿ.

ಪ್ರಶ್ನೆ: ಹೊನ್ನಾವರದ ಅಜ್ಜ ನಾನು. ಮೊಮ್ಮಗ ಯಕ್ಷಗಾನ ಕುಣಿತ ಕಲಿಯುತ್ತಿದ್ದಾನೆ. ಪಂಪ್ ಚಟವಾಗುತ್ತದೆ, ಕುಣಿತ ಬಿಡಿಸಿ ಎಂದು ಊರವರು ಹೇಳುತ್ತಾರೆ. ಹೌದೇ?

ಉತ್ತರ: ಎರಡೂ ಅಲ್ಲ ಅಜ್ಜಾ. ಚಟ ಆಗುವುದಿಲ್ಲ. ಆದರೆ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ದಮ್ಮಿಗಾಗಿ ಪಂಪ್ ಬೇಕಾಗುತ್ತಿದ್ದರೆ, ಇಲ್ಲವೇ ರಾತ್ರಿ ಕೆಮ್ಮಿ ಏಳುತ್ತಿದ್ದರೆ, ರೋಗ ಹತೋಟಿಯಲ್ಲಿಲ್ಲ. ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆಯೇ ಹೊರತು ಒಳಗಿನ ಊತ ಇಳಿಸುವುದಿಲ್ಲ. ಊತಕ್ಕೆ ಬುಡೆಸೊನೈಡಿನಂಥ ಇನ್ನೊಂದು ಪಂಪ್ ಇದೆ. ಅದನ್ನು ವೈದ್ಯರು ಹೇಳಿದಂತೆ ತಪ್ಪದೆ ತೆಗೆದುಕೊಂಡು ಬಾಯಿ ಮುಕ್ಕಳಿಸಬೇಕು. ದಮ್ಮಿಲ್ಲ ಎಂದು ನಿಲ್ಲಿಸುವುದೇ ಹೆಚ್ಚಿನ ಮನೆಗಳಲ್ಲಿ ಆಗುವ ತಪ್ಪು. ಬಣ್ಣ ನೋಡಿ ಪಂಪ್ ಗುರುತಿಸಬೇಡಿ, ಹೆಸರು ಓದಿ.

ಕುಣಿತಕ್ಕೆ ಮುಂಚೆ ಹತ್ತು ನಿಮಿಷ ನಿಧಾನದ ಹೆಜ್ಜೆ ಹಾಕಿಸಿ. ಮುಗಿದ ಮೇಲೂ ಒಮ್ಮೆಲೇ ಕೂರಿಸಬೇಡಿ, ನಡೆದಾಡಲಿ. ವೈದ್ಯರು ಒಪ್ಪಿದರೆ 10ರಿಂದ 15 ನಿಮಿಷ ಮುಂಚೆ 2 ಪಫ್ ಕೊಡಬಹುದು. ಪ್ರದರ್ಶನದ ದಿನ ರಾಕ್ಷಸ ವೇಷದ ಪ್ರವೇಶಕ್ಕೆ ರಾಳದ ಪುಡಿ ಉರಿಸುವುದಿದ್ದರೆ ಹೊಗೆ ಅಡಗುವವರೆಗೆ ಮೊಮ್ಮಗ ಚೌಕಿಯಲ್ಲೇ (ವೇಷ ಕಟ್ಟುವ ಕೋಣೆಯಲ್ಲೇ) ಇರಲಿ. ಪಂಪ್ ಯಾರ ಜೇಬಿನಲ್ಲಿದೆ ಎಂಬುದು ಭಾಗವತರಿಗೂ ಗೊತ್ತಿರಲಿ.