ಸೂಜಿಯೂ ವರದಿ ಬರೆಯುತ್ತದೆ

ಶಾಂತಿಗಾಗಿ ಗುಂಪಾಗಿ ಹೊಲಿಯುವವರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಹಿರಿಯ ಓದುಗರೊಬ್ಬರು ಕೇಳಿದ್ದಾರೆ: “ಹೆಂಗಸರು ಕೂತು ಕಸೂತಿ ಹಾಕಿದರೆ ಯಾವ ಯುದ್ಧ ನಿಂತಿದೆ ಸ್ವಾಮಿ? ಇದಕ್ಕೆ ನಾಲ್ಕು ಪುಟ ದಂಡ ಮಾಡಬೇಕಿತ್ತಾ?”

ಯುದ್ಧ ನಿಲ್ಲಲಿಲ್ಲ, ಒಪ್ಪಿದೆ. ಡೆನ್ಮಾರ್ಕ್ ಇರಾಕ್ ಯುದ್ಧಕ್ಕೆ ಇಳಿದದ್ದನ್ನು ವಿರೋಧಿಸಿ 2006ರಲ್ಲಿ ಕೋಪನ್‌ಹೇಗನ್‌ನ ಕಲಾವಿದೆಯೊಬ್ಬರು ಹಳೇ ಯುದ್ಧಟ್ಯಾಂಕೊಂದಕ್ಕೆ ಗುಲಾಬಿ ಉಲ್ಲನ್ ಹೊದಿಕೆ ಹೊದಿಸಿದರು. ಬೇರೆ ಬೇರೆ ದೇಶಗಳ ಜನ ಹೆಣೆದು ಕಳಿಸಿದ 4,000ಕ್ಕೂ ಜಾಸ್ತಿ ಚೌಕಗಳು ಅದರಲ್ಲಿದ್ದವು. ಫೋಟೊ ಚೆನ್ನಾಗಿ ಬಂತು, ಯುದ್ಧ ನಡೆದೇ ಇತ್ತು. ನಿಮ್ಮ ಮಾತಿಗೆ ಇಷ್ಟು ಸಾಕಲ್ವಾ?

ಈಗ ನನ್ನ ಮಾತು ಕೇಳಿ. 1973ರಲ್ಲಿ ಚಿಲಿಯಲ್ಲಿ ಸೇನಾಧಿಪತಿ ಪಿನೊಚೆಯ ಸೈನ್ಯ ಅಧಿಕಾರ ಕಿತ್ತುಕೊಂಡಿತು. ಹಿಡಿದೊಯ್ದವರಲ್ಲಿ ಎಷ್ಟೋ ಜನ ವಾಪಸ್ ಬರಲೇ ಇಲ್ಲ. ಪತ್ರಿಕೆಗಳ ಬಾಯಿಗೆ ಬೀಗ. ಆಗ ರಾಜಧಾನಿ ಸ್ಯಾಂಟಿಯಾಗೊದಲ್ಲಿ ಕಾಣೆಯಾದವರ ತಾಯಂದಿರು, ಹೆಂಡತಿಯರು ಚರ್ಚಿನ ಆಸರೆಯಲ್ಲಿ ಒಟ್ಟಿಗೆ ಕೂತು ಗೋಣಿಬಟ್ಟೆಯ ಮೇಲೆ ಹಳೇ ಬಟ್ಟೆ ಚೂರುಗಳನ್ನು ಹೊಲಿದರು. ಮೇಲೆ ಆಂಡೀಸ್ ಬೆಟ್ಟ, ಹೊಳೆಯುವ ಸೂರ್ಯ. ಕೆಳಗೆ ಸಾಲಾಗಿ ಪುಟ್ಟ ಬಟ್ಟೆ ಗೊಂಬೆಗಳು, ಕೈಯಲ್ಲಿ ‘ಎಲ್ಲಿದ್ದಾರೆ?’ ಎಂಬ ಫಲಕ. ಕೆಲವಕ್ಕೆ ಹಿಂಬದಿಯಲ್ಲಿ ಒಂದು ಜೇಬು, ಅದರೊಳಗೆ ನಡೆದದ್ದನ್ನು ಬರೆದ ಚೀಟಿ. ದೂರದಿಂದ ನೋಡಿದರೆ ಮಕ್ಕಳ ಕೋಣೆಗೆ ಹಾಕುವ ಚಿತ್ರ ಅನ್ನಬೇಕು. ಈ ಬಟ್ಟೆಚಿತ್ರಗಳು ಗುಟ್ಟಾಗಿ ದೇಶ ದಾಟಿದವು. ಮಾರಿ ಬಂದ ದುಡ್ಡಲ್ಲಿ ಮನೆ ಒಲೆಯೂ ಉರಿಯಿತು. ಇದು ವರದಿ ಅಲ್ಲದೆ ಇನ್ನೇನು?

ಮೆಕ್ಸಿಕೊದಲ್ಲಿ 2011ರಿಂದ ಊರ ಚೌಕಗಳಲ್ಲಿ ಜನ ಬಿಳಿ ಕರವಸ್ತ್ರ ಹಿಡಿದು ಕೂತರು. ಮಾದಕವಸ್ತು ಯುದ್ಧದ ಹಿಂಸೆಯಲ್ಲಿ ಕೊಲೆಯಾದವರ ಹೆಸರು ಹೊಲಿಯಲು ಕೆಂಪು ದಾರ, ಕಾಣೆಯಾದವರಿಗೆ ಹಸಿರು. ಒಬ್ಬರ ಕಥೆ ಹೊಲಿಯಲು ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತೂ ಗುರುತು ಪರಿಚಯ ಇಲ್ಲದವರು ಆ ಹೆಸರಿನ ಜೊತೆ ಇರುತ್ತಾರೆ. ನಾವು ಪತ್ರಿಕೆಯವರು ‘ಹತ್ತು ಸಾವು’ ಅಂತ ಒಂದೇ ಸಾಲಲ್ಲಿ ಮುಗಿಸಿಬಿಡುತ್ತೇವೆ.

ಅಂದ ಹಾಗೆ, ನಿಮ್ಮ ‘ಹೆಂಗಸರು ಕೂತು’ ಅನ್ನುವ ಮಾತು. ಬೇಜಾರಾಗಿದ್ದು ಅಲ್ಲೇ. ಕುಂಚ ಹಿಡಿದರೆ ಕಲೆ, ಸೂಜಿ ಹಿಡಿದರೆ ಸುಮ್ನೆ ಹೊತ್ತು ಕಳೆಯುವುದಾ? ಎಷ್ಟೋ ಮ್ಯೂಸಿಯಂಗಳಲ್ಲಿ ಚಿತ್ರದ ಕೆಳಗೆ ಹೆಸರಿರುತ್ತದೆ, ಬಟ್ಟೆಯ ಕೆಳಗೆ ‘ಅನಾಮಿಕ’ ಅಂತಿರುತ್ತದೆ. ಚಿಲಿಯ ಹೆಂಗಸರು ಜೀವಭಯಕ್ಕೆ ಹೆಸರು ಹಾಕಲಿಲ್ಲ, ಸರಿ. ಉಳಿದವರನ್ನು ಹೆಸರೇನು ಅಂತ ಯಾರಾದರೂ ಕೇಳಿದರಾ? ಪತ್ರಿಕೆಗಳಿಗೂ ಕಸೂತಿ ಅಂದರೆ ಸೀದಾ ಹವ್ಯಾಸದ ಪುಟವೇ ನೆನಪಾಗುತ್ತದೆ, ಅಡುಗೆ ಅಂಕಣದ ಪಕ್ಕ. ಯುದ್ಧದ ಪುಟ ಮಾತ್ರ ಸೇನಾಧಿಪತಿಗಳಿಗೆ ಮೀಸಲು.

ನಾಲ್ಕು ಪುಟ ದಂಡ ಅಂದಿರಿ. ಮುಂದಿನ ತಿಂಗಳು ಆರು ಕೊಡೋಣ ಅಂತಿದ್ದೇವೆ. ಓದಿ, ಬೈದಾದರೂ ಬರೆಯಿರಿ.