ವಿಸ್ಕಿ, ವೈನ್ ಎರಡೂ ನನಗೆ ಹೊಸದು. ಇರುವುದು ರಾಯಚೂರಿನಲ್ಲಿ. ಯಾವುದರಿಂದ ಶುರು ಮಾಡಲಿ?

ವೈನ್‌ನಿಂದ ಶುರು ಮಾಡಿ, ಅದರಲ್ಲೂ ತಣ್ಣಗಿನ ಬಿಳಿ ವೈನ್‌ನಿಂದ. ರೆಡ್ ವೈನನ್ನು ಕೋಣೆಯ ಉಷ್ಣತೆಯಲ್ಲೇ ಕುಡಿಯಬೇಕು ಅಂತ ಯಾರಾದರೂ ಹೇಳಿದರೆ ತಲೆಯಾಡಿಸಿ ಸುಮ್ಮನಾಗಿ. ಅದು ಯುರೋಪಿನ ಚಳಿ ಮನೆಗಳ ಮಾತು, ಸುಮಾರು 15ರಿಂದ 18 ಡಿಗ್ರಿ. ನಮ್ಮಲ್ಲಿ ಬೇಸಿಗೆಗೆ 40 ದಾಟುತ್ತದೆ. ಆ ಬಿಸಿಗೆ ಹಣ್ಣಿನ ಪರಿಮಳ ಅಡಗಿ, ಆಲ್ಕೋಹಾಲಿನ ಘಾಟೊಂದೇ ಮೂಗಿಗೆ ಹೊಡೆಯುತ್ತದೆ. ರೆಡ್ ಆದರೂ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಅಂಗಡಿಯಲ್ಲಿ ಬಿಸಿಲಿಗೆ ನಿಲ್ಲಿಸಿದ ಬಾಟಲಿ ಮುಟ್ಟಬೇಡಿ. ತೆರೆದದ್ದನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ.

ಜೊತೆಗೆ ಒಗ್ಗರಣಿ-ಮಿರ್ಚಿ ಇದ್ದರೆ ರೆಡ್ ಬೇಡವೇ ಬೇಡ. ಖಾರದ ಜೊತೆ ಅದರ ಒಗರು ಇನ್ನಷ್ಟು ಕಾಡುತ್ತದೆ. ತುಸು ಸಿಹಿಯಿರುವ ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್ ಚೆನ್ನಾಗಿ ಹೊಂದುತ್ತದೆ.

ಇನ್ನು ವಿಸ್ಕಿ. ನಮ್ಮ ಅಗ್ಗದ ವಿಸ್ಕಿಗಳಲ್ಲಿ ಹಲವು ಕಾಕಂಬಿಯ ಸ್ಪಿರಿಟ್ ಬೆರೆತವು. ಬಾರ್ಲಿಯ ನಿಜವಾದ ರುಚಿ ತಿಳಿಯಬೇಕಾದರೆ ಸಿಂಗಲ್ ಮಾಲ್ಟ್ ನೋಡಿ, ಅಂದರೆ ಮೊಳಕೆ ಬರಿಸಿದ ಬಾರ್ಲಿಯಿಂದ ಒಂದೇ ಡಿಸ್ಟಿಲರಿಯಲ್ಲಿ ತಯಾರಾದ ವಿಸ್ಕಿ. ಬೆಂಗಳೂರಿನ ಅಮೃತ್ ಇದೆಯಲ್ಲ (2004ರಲ್ಲಿ ಮೊದಲು ಬಿಡುಗಡೆಯಾದದ್ದು ವಿಸ್ಕಿಗೇ ಹೆಸರಾದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ!). ಬಾಯಿ ಸ್ವಲ್ಪ ತೆರೆದುಕೊಂಡು ಮೂಸಿ, ಸಣ್ಣ ಗುಟುಕು ತಗೊಂಡು ನಾಲಿಗೆ ಮೇಲೆ ಆಡಿಸಿ, ಆಮೇಲೆ ಒಂದೆರಡು ಚಮಚ ನೀರು ಹಾಕಿ ಮತ್ತೆ ಮೂಸಿ. ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ನೀರು ಹಾಕುವುದರಲ್ಲಿ ನಾಚಿಕೆಯೇನಿಲ್ಲ. ಕೋಲಾ ಸುರಿದರೆ ಮಾತ್ರ ಕೊಟ್ಟ ದುಡ್ಡು ದಂಡ.

ವೈನ್ ಹಗುರ ಅಂತ ಗ್ಲಾಸ್ ತುಂಬಿಸಿಕೊಳ್ಳಬೇಡಿ. ಶೇ 13ರ ವೈನ್ 100 ಎಂಎಲ್, ಶೇ 42.8ರ ವಿಸ್ಕಿ 30 ಎಂಎಲ್, ಎರಡರಲ್ಲೂ ಆಲ್ಕೋಹಾಲ್ ಹೆಚ್ಚೂಕಡಿಮೆ ಒಂದೇ.