ಪಹರೆ ಬದಲಿಸಬೇಕಾದವರು

ವಿರಾಜಪೇಟೆ ಕಡೆಯ ನಿವೃತ್ತ ಸೈನಿಕರೊಬ್ಬರ ಪತ್ರ: ‘ನನ್ನ ಮೊಮ್ಮಗಳು ಹೊರಜಿಲ್ಲೆಯಲ್ಲಿ ಮೆಡಿಸಿನ್ ಪಿಜಿ ಮಾಡುತ್ತಿದ್ದಾಳೆ. 36 ಗಂಟೆ ಡ್ಯೂಟಿ ಮುಗಿಸಿ ಫೋನ್ ಮಾಡಿ, “ಸಾಕಾಯ್ತು ಅಜ್ಜ, ಬಿಟ್ಟು ಬರ್ತೇನೆ” ಅಂದಳು. ಗಡಿಯಲ್ಲಿ ನಾವು ನಿದ್ದೆಗೆಟ್ಟಿದ್ದು ಕಡಿಮೆಯೇ? ಈಗಿನ ಮಕ್ಕಳಲ್ಲಿ ಗಟ್ಟಿತನವಿಲ್ಲ. ಮುಂದೆ ಇವರು ಯಾರನ್ನು ಮುನ್ನಡೆಸಿಯಾರು?’

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ರಾತ್ರಿ ಕಾಯದೆ ವೈದ್ಯವಿದ್ಯೆ ಕೈಗೆ ಹತ್ತುವುದಿಲ್ಲ, ನಿಜ. ಎದೆನೋವು ಬೆಳಗಾಗಲಿ ಎಂದು ಕಾಯುವುದಿಲ್ಲ. ಅಷ್ಟನ್ನು ಒಪ್ಪಿದೆ. ಉಳಿದದ್ದಕ್ಕೆ ನಿಮ್ಮ ಸೇನೆಯನ್ನೇ ಸಾಕ್ಷಿಗೆ ಕರೆಯುತ್ತೇನೆ.

ಪಹರೆಗೆ ನಿಂತವನನ್ನು ಎರಡು ಗಂಟೆಗೊಮ್ಮೆ ಬದಲಿಸುವ ಪದ್ಧತಿ ನಿಮಗೆ ನಾನು ಹೇಳಬೇಕೇ? ಅವನಲ್ಲಿ ಗಟ್ಟಿತನವಿಲ್ಲ ಎಂದು ಬದಲಿಸುತ್ತಿದ್ದರೇ? ಡೆಹ್ರಾಡೂನಿನ ಸೇನಾ ಅಕಾಡೆಮಿಯ ಚೆಟ್‌ವುಡ್ ಸಭಾಂಗಣದಲ್ಲಿ ಬರೆದಿರುವುದು ಕೊಡಗಿನ ಎಷ್ಟೋ ಮನೆಗಳಲ್ಲಿ ಬಾಯಿಪಾಠ: ಮೊದಲು ದೇಶ, ಆಮೇಲೆ ಕೈಕೆಳಗಿನವರ ಮಾನ ಮತ್ತು ಕ್ಷೇಮ, ನಿನ್ನ ಸುಖ ಕಟ್ಟಕಡೆಗೆ. ಈ ಮಾತನ್ನು ಯಾವ ವಾರ್ಡಿನ ಗೋಡೆಯ ಮೇಲೂ ನಾನು ಕಂಡಿಲ್ಲ.

ನಾಲ್ಕು ವರ್ಷದ ಹಿಂದೆ, ಜುಲೈ ಮಳೆಯಲ್ಲಿ, ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದೆ. ರಾತ್ರಿ ಮೂರಕ್ಕೆ ಇನ್ನೂ ತರಬೇತಿಯಲ್ಲಿದ್ದ ಹೌಸ್ ಸರ್ಜನ್ ಹುಡುಗಿಯೊಬ್ಬಳು ಬಂದು ಬಿಪಿ ನೋಡಿದಳು. ಕೇಸ್ ಶೀಟಿನಲ್ಲಿ ಮೇಲಿನ ಅಂಕಿ ಬರೆದಾಯಿತು. ಕೆಳಗಿನದನ್ನು ಬರೆಯುವಷ್ಟರಲ್ಲಿ ಪೆನ್ನು ಕಾಗದದ ಅಂಚಿನವರೆಗೂ ಜಾರಿತು. ನಿಂತಲ್ಲೇ ಕಣ್ಣು ಮುಚ್ಚಿಹೋಗಿತ್ತು. ಬೆಚ್ಚಿ ಎದ್ದು, “ಸಾರಿ ಅಂಕಲ್” ಎಂದು ಅಮ್ಮನ ತೋಳಿಗೆ ಮತ್ತೆ ಪಟ್ಟಿ ಸುತ್ತಿ, ಮೊದಲಿಂದ ನೋಡಿದಳು. ಬೆಳಗಿನ ರೌಂಡ್ಸಿನಲ್ಲಿ ದೊಡ್ಡ ಡಾಕ್ಟರು ಆ ಗೀಟನ್ನು ಎಲ್ಲರಿಗೂ ಎತ್ತಿ ತೋರಿಸಿ, “ದನ ಕಾಯೋಕೆ ಹೋಗು” ಎಂದರು. ಎಷ್ಟು ಹೊತ್ತಿನಿಂದ ಎದ್ದಿದ್ದೀಯಮ್ಮ ಎಂದು ಕೇಳಲಿಲ್ಲ. ಅವಳು ಎರಡನೆಯ ಸಲ ಪಟ್ಟಿ ಸುತ್ತಿದ್ದನ್ನು ಕಣ್ಣಾರೆ ಕಂಡ ನಾನೂ ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಕಿರಿಯ ವೈದ್ಯರು ಹಗಲಿರುಳು ಆಸ್ಪತ್ರೆಯಲ್ಲೇ ಇರಬೇಕೆಂಬ ಕಟ್ಟುಪಾಡನ್ನು ಬೆಳೆಸಿದವರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ ಮೊದಲಿಗರು. ಆಸ್ಪತ್ರೆ ತೆರೆದದ್ದು 1889ರಲ್ಲಿ. ಅಸಾಧಾರಣ ಶಸ್ತ್ರವೈದ್ಯ. ಆದರೆ ಕೊಕೇನಿಗೆ, ಆಮೇಲೆ ಮಾರ್ಫಿನ್‌ಗೆ ದಾಸರಾಗಿದ್ದವರು. ಅಂಥವರ ದಿನಚರಿ ನಿಮ್ಮ ಮೊಮ್ಮಗಳಿಗೆ ಅಳತೆಗೋಲಾಗಬೇಕೇ?

ದಣಿವು ಅವಳ ದೌರ್ಬಲ್ಯ ಎನ್ನುವ ಮುನ್ನ ಇನ್ನೊಂದನ್ನು ನೋಡಿ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ‘ಬರ್ನ್‌ಔಟ್’ ಅನ್ನು, ಅಂದರೆ ದುಡಿದು ಬಳಲಿ ಬತ್ತಿಹೋಗುವುದನ್ನು, ರೋಗ ಎನ್ನಲಿಲ್ಲ. ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದಿತು. ನಿಭಾಯಿಸಬೇಕಾದವರು ಯಾರು? ಅಮೆರಿಕದ ಮೇಯೋ ಕ್ಲಿನಿಕ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 2,800 ವೈದ್ಯರು ತಮ್ಮ ಮೇಲಿನವರ ನಾಯಕತ್ವಕ್ಕೆ ಅಂಕ ಕೊಟ್ಟಿದ್ದರು. ಮೇಲಿನವರ ಅಂಕ ಹೆಚ್ಚಿದಂತೆ ಕೆಳಗಿನವರ ಬಳಲಿಕೆ ಕಡಿಮೆಯಿತ್ತು. ಮಾತಾಡಿಸುವುದು, ಗೌರವ ಕೊಡುವುದು, ಅಭಿಪ್ರಾಯ ಕೇಳುವುದು: ಅವರು ಅಳೆದದ್ದು ಇಂಥವನ್ನೇ.

ನಮ್ಮಲ್ಲಿ ಕಾಗದಕ್ಕೆ ಬರವಿಲ್ಲ. ನಿಮ್ಮ ಮೊಮ್ಮಗಳಂತೆ ಕಲಿಯುತ್ತಲೇ ಆಸ್ಪತ್ರೆಯಲ್ಲಿ ದುಡಿಯುವ ರೆಸಿಡೆಂಟ್ ವೈದ್ಯರಿಗೆ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆ ಮೀರಬಾರದು ಎಂದು ಕೇಂದ್ರ ಸರ್ಕಾರ ಹೇಳಿದ್ದು 1992ರಲ್ಲಿ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರದಿರಲಿ ಎಂದು ಶಿಫಾರಸು ಮಾಡಿತು. 32 ವರ್ಷ ಕಳೆದ ಮೇಲೆ ಕೇಳುವುದೇ ಇಷ್ಟಾಯಿತು!

ಕೊಡಗಿನವರಾದ ನಾವೂ ಇದಕ್ಕೆ ಹೊರತಲ್ಲ. 2016ರಲ್ಲಿ ಮಡಿಕೇರಿಗೆ ಮೆಡಿಕಲ್ ಕಾಲೇಜು ಬಂತು. 2019ರಲ್ಲಿ ಸುಸಜ್ಜಿತ ತುರ್ತು ಆಸ್ಪತ್ರೆಗಾಗಿ ಜಾಲತಾಣಗಳಲ್ಲಿ ದನಿ ಎತ್ತಿದೆವು, ನಾನೂ ಬರೆದೆ. ಆಂಬುಲೆನ್ಸಿನಲ್ಲಿ ಮೈಸೂರು ದಾರಿ ಹಿಡಿದವರ ಸಂಕಟ ಕಂಡವರು ಸುಮ್ಮನಿರಲಾಗದು. ಆದರೆ ಕಟ್ಟಡ ಕೇಳಿದೆವು, ಯಂತ್ರ ಕೇಳಿದೆವು. ಅಲ್ಲಿ ರಾತ್ರಿ ಎದ್ದಿರುವ ಮಕ್ಕಳಿಗೆ ಮಲಗಲು ಕೋಣೆ ಇದೆಯೇ, ಹೊತ್ತಿಗೆ ಊಟ ಸಿಗುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ. ಡಾಕ್ಟರು ಕೊಡಗಿನಲ್ಲಿ ನಿಲ್ಲುವುದಿಲ್ಲ ಎಂದು ಮಾತ್ರ ಎಲ್ಲರೂ ಗೊಣಗುತ್ತೇವೆ.

ನಿಮ್ಮ ಮೊಮ್ಮಗಳು ಬಿಟ್ಟು ಬರಬೇಕೋ ಬೇಡವೋ, ನಾನು ಹೇಳಲಾರೆ. 36 ಗಂಟೆಯ ನಂತರ ಅವಳು ನೆನೆಸಿಕೊಂಡದ್ದು ನಿಮ್ಮನ್ನು. ಈ ಭಾನುವಾರ ನೀವೇ ಫೋನ್ ಮಾಡಿ. ನಿಮ್ಮ ಪಲ್ಟನ್ನಿನಲ್ಲಿ ಪಹರೆ ಬದಲಿಸಲು ಮರೆತ ಹವಾಲ್ದಾರನಿಗೆ ಏನಾಗುತ್ತಿತ್ತು ಎಂದು ಅವಳಿಗೆ ಹೇಳಿ. ನಮಗೂ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

– ಸಂ.